ಮುಂಬೈ ಮನೆಯಲ್ಲಿ ಕನ್ನಡ ನೋಡೋಕೆ ಯಾವುದು ಸರಿ? ಕೇಬಲ್, ಡಿಶ್, ಓಟಿಟಿ, ಬಾಡಿಗೆ: ಒಂದು ಹೋಲಿಕೆ

ಸಂಜೆ ಏಳು ಗಂಟೆ. ಅತ್ತೆ ದೇವರಿಗೆ ದೀಪ ಹಚ್ಚಿ, ಹತ್ತಿಯ ಡಬ್ಬಿ ತಂದು ಟಿವಿ ಎದುರು ಕೂತರು. ಬತ್ತಿ ಹೊಸೆಯುತ್ತಾ ಧಾರಾವಾಹಿ ನೋಡುವ ಆ ಎರಡು ಗಂಟೆ ಅವರದ್ದು. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ರಿಮೋಟ್ ಮುಟ್ಟುವುದಿಲ್ಲ. ಅವತ್ತು ನಂಬರು ಒತ್ತಿದರೆ ಚಿತ್ರವೇ ಇಲ್ಲ, ಈ ಚಾನೆಲ್ ನಿಮ್ಮ ಪ್ಯಾಕಿನಲ್ಲಿಲ್ಲ ಅನ್ನುವ ಪಟ್ಟಿ ಮಾತ್ರ. ಮುಂದಿನ ನಂಬರು ಒತ್ತಿದರೂ ಅದೇ. “ಎಂತದ್ ಮಾರಾಯ್ತಿ ಇದ್? ಕನ್ನಡ ಎಲ್ಲ್ ಹೋಯ್ತ್?” ಅಂತ ನನ್ನ ಕಡೆ ತಿರುಗಿದರು.

ಕೇಬಲ್‌ನವರಿಗೆ ಫೋನ್ ಮಾಡಿದೆ. ಈ ತಿಂಗಳಿಂದ ಪ್ಯಾಕ್ ಬದಲಾಗಿದೆ, ನಿಮ್ಮ ಬಿಲ್ಡಿಂಗಿಗೆಲ್ಲ ಹಿಂದಿ-ಮರಾಠಿ ಪ್ಯಾಕ್ ಹಾಕಿದ್ದೇವೆ, ಸೌತ್ ಬೇಕಿದ್ದರೆ ದೊಡ್ಡ ಪ್ಯಾಕ್ ತಗೊಳ್ಳಿ ಭಾಭಿ ಅಂದರು. ಆ ದೊಡ್ಡ ಪ್ಯಾಕಿನಲ್ಲಿ ತಮಿಳು, ತೆಲುಗು, ಮಲಯಾಳಂ, ಕ್ರೀಡೆ ಎಲ್ಲ ಸೇರಿತ್ತು. ನಮಗೆ ಬೇಕಾಗಿದ್ದದ್ದು ಮೂರು ನಾಲ್ಕು ಕನ್ನಡ ಚಾನೆಲ್. ಅಷ್ಟೇ.

ಅಲ್ಲಿಂದ ಶುರುವಾದ ಹುಡುಕಾಟ ಎರಡು ತಿಂಗಳು ನಡೆಯಿತು. ಡೊಂಬಿವಲಿ, ಠಾಣೆ, ಮುಲುಂಡ್, ಮಾಟುಂಗಾದ ಕನ್ನಡದ ಮನೆಗಳಲ್ಲಿ ಇದೇ ಪ್ರಶ್ನೆ ಇರುವುದು ಗೊತ್ತು. ಅದಕ್ಕೇ ಕಲಿತದ್ದನ್ನು ಬರೆಯುತ್ತಿದ್ದೇನೆ.

ಯಾವ ಕಂಪನಿ ಒಳ್ಳೆಯದು ಅಂತ ಹುಡುಕಲು ಹೋಗಬೇಡಿ. ಮನೆಯಲ್ಲಿ ಯಾರು ಏನು ನೋಡುತ್ತಾರೆ ಅಂತ ಮೊದಲು ಒಂದು ಚೀಟಿಯಲ್ಲಿ ಬರೆಯಿರಿ. ನಮ್ಮ ಮನೆಯ ಚೀಟಿ ಹೀಗಿತ್ತು: ಅತ್ತೆಗೆ ದಿನಾ ಧಾರಾವಾಹಿ. ನನಗೆ ತಿಂಗಳಿಗೆ ಒಂದೋ ಎರಡೋ ಹೊಸ ಕನ್ನಡ ಸಿನಿಮಾ. ನಮ್ಮವರಿಗೆ ಹಳೆಯ ರಾಜ್‌ಕುಮಾರ್ ಸಿನಿಮಾ. ಒಂಬತ್ತನೇ ಕ್ಲಾಸಿನ ಮಗನಿಗೆ ಕ್ರಿಕೆಟ್. ಈ ನಾಲ್ಕಕ್ಕೂ ಬಾಗಿಲು ಬೇರೆ ಬೇರೆ. ಒಂದೇ ಕಡೆ ದುಡ್ಡು ಕಟ್ಟಿ ನಾಲ್ಕೂ ಸಿಗುವ ಹಾಗಿಲ್ಲ.

ಯಾಕೆ ಒಂದೇ ಕಡೆ ಸಿಗುವುದಿಲ್ಲ

ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಸಿಟ್ಟು ಇಳಿಯುತ್ತದೆ. ಸಿನಿಮಾ ಒಂದೇ ಆದರೂ ಅದರ ಹಕ್ಕು ಹಲವು ತುಂಡು. ಥಿಯೇಟರಿನದ್ದು ಒಬ್ಬರಿಗೆ, ಟಿವಿಯದ್ದು ಇನ್ನೊಬ್ಬರಿಗೆ, ಓಟಿಟಿ, ಅಂದರೆ ಇಂಟರ್ನೆಟ್ಟಿನಲ್ಲಿ ಸಿನಿಮಾ ತೋರಿಸುವ ಆ್ಯಪ್‌ಗಳದ್ದು ಮತ್ತೊಬ್ಬರಿಗೆ, ಹಾಡಿನದ್ದು ಆಡಿಯೋ ಕಂಪನಿಗೆ. ಭಾಷೆ ಭಾಷೆಗೂ ಬೇರೆ ಬೇರೆ ಮಾರಾಟ.

‘ಕಾಂತಾರ’ ನೆನಪಿಸಿಕೊಳ್ಳಿ. ಕನ್ನಡದಲ್ಲಿ 2022ರ ಸೆಪ್ಟೆಂಬರ್ 30ಕ್ಕೆ ತೆರೆಕಂಡಿತು, ನವೆಂಬರ್ 24ಕ್ಕೆ ಪ್ರೈಮ್ ವಿಡಿಯೋಗೆ ಬಂತು. ಹಿಂದಿ ಮಾತ್ರ ಅಲ್ಲಿ ಇರಲಿಲ್ಲ. ಹಿಂದಿ ಡಬ್ಬಿಂಗ್ ಡಿಸೆಂಬರ್ 9ಕ್ಕೆ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಹಿಂದಿಯಲ್ಲಿ ಸಿನಿಮಾ ತೆರೆಕಂಡದ್ದು ಅಕ್ಟೋಬರ್ 14ಕ್ಕೆ. ಹಿಂದಿ ಸಿನಿಮಾ ಎಂಟು ವಾರ ಓಟಿಟಿಗೆ ಹೋಗಬಾರದು ಅನ್ನುವುದು ಮಲ್ಟಿಪ್ಲೆಕ್ಸ್‌ನವರ ಪಟ್ಟು. ಲೆಕ್ಕ ಹಾಕಿ, ಸರಿಯಾಗಿ ಎಂಟು ವಾರ. ದಕ್ಷಿಣದ ಸಿನಿಮಾಗಳಿಗೆ ಸಾಮಾನ್ಯವಾಗಿ ಅಷ್ಟು ಬಿಗಿ ಇಲ್ಲ, ನಾಲ್ಕು ವಾರಕ್ಕೂ ಬಂದುಬಿಡುತ್ತವೆ.

ಇದು ಮುಂಬೈಯಲ್ಲಿರುವ ನಮಗೆ ಜಾಸ್ತಿ ತಟ್ಟುತ್ತದೆ. ಅತ್ತೆ ಕುಂದಾಪುರ ಕಡೆಯವರು. ಅವರಿಗೆ ಆ ಸಿನಿಮಾ ಅಂದರೆ ಊರು. ಅವರ ಜೊತೆ ಕೂತು ನೋಡುತ್ತೇನೆ ಅಂತ ಪಕ್ಕದ ಮನೆಯ ಮರಾಠಿ ಅಕ್ಕ ಬಂದರು. ಅವರಿಗೆ ಹಿಂದಿಯಲ್ಲಿ ಬೇಕು. ಅದು ಇಲ್ಲಿಲ್ಲ, ಇನ್ನೊಂದು ಕಡೆ ಇನ್ನೂ ಬಂದಿಲ್ಲ. ಕೊನೆಗೆ ಕನ್ನಡದಲ್ಲೇ ಹಾಕಿದೆವು, ಅತ್ತೆ ನಡುನಡುವೆ ಬಿಡಿಸಿ ಹೇಳಿದರು.

ಅದೇ ದಿನ ಇನ್ನೊಂದು ಆಯಿತು. ಥಿಯೇಟರಿನಲ್ಲಿ ಕೇಳಿದ್ದ ‘ವರಾಹ ರೂಪಂ’ ಹಾಡಿನ ರಾಗ ಅದರಲ್ಲಿ ಇರಲಿಲ್ಲ. ಅತ್ತೆ ಕೈಯಲ್ಲಿದ್ದ ಬತ್ತಿ ಕೆಳಗಿಟ್ಟು, “ಇದ್ ಆ ಪದ್ಯ ಅಲ್ಲ” ಅಂದರು. ಅವರ ಕಿವಿ ಸರಿಯಾಗೇ ಹೇಳಿತ್ತು. ಕೇರಳದ ತೈಕ್ಕುಡಂ ಬ್ರಿಡ್ಜ್ ಬ್ಯಾಂಡಿನವರು ಅದು ತಮ್ಮ ‘ನವರಸಂ’ ಹಾಡಿನ ಹಾಗಿದೆ ಅಂತ ಕೋರ್ಟಿಗೆ ಹೋಗಿದ್ದರು. ಅಲ್ಲಿನ ಕೋರ್ಟು ತಡೆ ಕೊಟ್ಟಿದ್ದರಿಂದ ಬೇರೆ ರಾಗ ಕೂರಿಸಿ ಹಾಕಿದ್ದರು. ತಡೆ ಹೋದ ಮೇಲೆ ಮೊದಲಿನ ಹಾಡು ವಾಪಸ್ ಬಂತು. ಆ್ಯಪ್‌ನವರ ತಪ್ಪು ಅದರಲ್ಲಿ ಇರಲಿಲ್ಲ. ಆದರೆ ಓಟಿಟಿಯಲ್ಲಿ ನಾವು ದುಡ್ಡು ಕೊಡುವುದು ನೋಡುವ ಅವಕಾಶಕ್ಕೆ ಮಾತ್ರ ಅನ್ನುವುದು ನನಗೆ ಅವತ್ತು ಮನಸ್ಸಿಗೆ ಬಂತು. ಸಿನಿಮಾ ನಮ್ಮದಲ್ಲ. ಇವತ್ತು ಇದ್ದದ್ದು ನಾಳೆ ಬದಲಾಗಬಹುದು, ಪೂರ್ತಿ ಹೋಗಲೂಬಹುದು.

ಕೇಬಲ್: ಕೇಳಿದರೆ ಸಿಗುತ್ತದೆ

ಮನೆಯಲ್ಲಿ ಹಿರಿಯರಿದ್ದರೆ ನನ್ನ ಮೊದಲ ಆಯ್ಕೆ ಈಗಲೂ ಕೇಬಲ್. ಒಂದು ಗುಂಡಿ ಒತ್ತಿದರೆ ಬರುತ್ತದೆ. ಪಾಸ್‌ವರ್ಡ್ ಇಲ್ಲ, ಓಟಿಪಿ ಇಲ್ಲ, ವೈಫೈ ಹೋದರೂ ನಡೆಯುತ್ತದೆ.

ತೊಂದರೆ ಪ್ಯಾಕಿನದ್ದು. ಬೆಂಗಳೂರಿನಲ್ಲಿ ಕನ್ನಡ ತಾನಾಗಿ ಬರುತ್ತದೆ, ಇಲ್ಲಿ ಕೇಳಿ ಪಡೆಯಬೇಕು. ಆದರೆ ಕೇಳುವ ಹಕ್ಕು ನಮಗಿದೆ. 2019ರಲ್ಲಿ ಜಾರಿಗೆ ಬಂದ ಟ್ರಾಯ್ (ಟಿವಿ, ಫೋನ್ ಸೇವೆಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ) ನಿಯಮದ ಪ್ರಕಾರ, ದುಡ್ಡು ಕೊಟ್ಟು ನೋಡುವ ಪೇ ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳಬಹುದು. ದೊಡ್ಡ ಪ್ಯಾಕನ್ನೇ ತಗೊಳ್ಳಿ ಅಂತ ಒತ್ತಾಯ ಮಾಡುವ ಹಾಗಿಲ್ಲ. ಪ್ಯಾಕಿನೊಳಗೆ ಸೇರಿಸುವ ಚಾನೆಲಿನ ಬಿಡಿ ಬೆಲೆ ತಿಂಗಳಿಗೆ ₹19 ದಾಟಬಾರದು ಅಂತಲೂ ಇದೆ. ಹಾಗಾಗಿ ಹೆಚ್ಚೆಂದರೆ ₹19 ಅಂತಲೇ ಲೆಕ್ಕ ಹಿಡಿಯಿರಿ. ಜೀ ಕನ್ನಡ, ಕಲರ್ಸ್ ಕನ್ನಡ, ಉದಯ, ಸ್ಟಾರ್ ಸುವರ್ಣ ನಾಲ್ಕನ್ನೂ ಬಿಡಿಯಾಗಿ ತಗೊಂಡರೆ ₹76. ಮೇಲೆ ಶೇ. 18 ಜಿಎಸ್‌ಟಿ ಸೇರಿ ₹90ರ ಒಳಗೆ. ಇದಕ್ಕೆ ಕನೆಕ್ಷನ್ ಶುಲ್ಕ ಕೂಡಬೇಕು. ಅದಕ್ಕೆ ಮೊದಲು ₹130 ಮಿತಿ ಇತ್ತು. 2024ರ ಜುಲೈಯಲ್ಲಿ ಟ್ರಾಯ್ ಆ ಮಿತಿ ತೆಗೆದುಹಾಕಿತು. ಹಾಗಾಗಿ ಈ ಶುಲ್ಕ ಎಷ್ಟು ಅಂತ ನಿಮ್ಮ ಕೇಬಲ್‌ನವರನ್ನೇ ಕೇಳಿ.

ನಾನು ಮಾಡಿದ್ದು ಇಷ್ಟು. ನಾಲ್ಕು ಚಾನೆಲಿನ ಹೆಸರು ಬರೆದು, ‘ಬಿಡಿಯಾಗಿ ಬೇಕು, ಪ್ಯಾಕ್ ಬೇಡ’ ಅಂತ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದೆ. ಬಾಯಲ್ಲಿ ಹೇಳಿದಾಗ ಮೂರು ಸಲ ಆಗಲ್ಲ ಅಂದಿದ್ದರು. ಬರೆದು ಕಳಿಸಿದ ಮಾರನೇ ದಿನ ಹುಡುಗ ಬಂದು ತನ್ನ ಮೊಬೈಲಿನಲ್ಲೇ ಸೇರಿಸಿಕೊಟ್ಟ. ಒಂದು ನಿಮಿಷದ ಕೆಲಸ. ಜಗಳ ಬೇಕಾಗಲೇ ಇಲ್ಲ.

ಡಿಶ್: ಮೊದಲು ಕಿಟಕಿ ಯಾವ ದಿಕ್ಕು ನೋಡಿ

ಕೇಬಲ್‌ನವರು ಬಗ್ಗದಿದ್ದರೆ ಡಿಶ್. ದೇಶಕ್ಕೆಲ್ಲ ಉಪಗ್ರಹದಿಂದ ನೇರವಾಗಿ ಬರುವುದರಿಂದ ಹುಬ್ಬಳ್ಳಿಯಲ್ಲಿ ಸಿಗುವ ಕನ್ನಡ ಚಾನೆಲ್ ಡೊಂಬಿವಲಿಯಲ್ಲೂ ಸಿಗುತ್ತದೆ. ಚಾನೆಲ್ ಸೇರಿಸುವುದು, ತೆಗೆಯುವುದು ನಮ್ಮ ಕೈಯಲ್ಲೇ.

ಆದರೆ ಮುಂಬೈ ಫ್ಲ್ಯಾಟಿನಲ್ಲಿ ಒಂದು ಅಡ್ಡಿ ಇದೆ. ಈ ಉಪಗ್ರಹಗಳು ಇಲ್ಲಿಂದ ನೋಡಿದರೆ ಆಗ್ನೇಯ ದಿಕ್ಕಿನಲ್ಲಿವೆ. ವಾಸ್ತು ಹೇಳುವವರು ಒಲೆ ಇಡಿ ಅನ್ನುತ್ತಾರಲ್ಲ, ಆ ಮೂಲೆ. ನಿಮ್ಮ ಕಿಟಕಿ, ಬಾಲ್ಕನಿ ಎಲ್ಲ ಪಶ್ಚಿಮಕ್ಕೋ ಉತ್ತರಕ್ಕೋ ಇದ್ದರೆ ಡಿಶ್ ಕೆಲಸ ಮಾಡುವುದಿಲ್ಲ. ಎದುರಿಗೆ ಹೊಸ ಟವರ್ ಎದ್ದಿದ್ದರೂ ಅಷ್ಟೇ. ಆಗ ಟೆರೇಸಿಗೆ ಹೋಗಬೇಕು, ಅದಕ್ಕೆ ಸೊಸೈಟಿಯ ಒಪ್ಪಿಗೆ ಬೇಕು. ನನ್ನ ಗೆಳತಿಯೊಬ್ಬರು ದುಡ್ಡು ಕಟ್ಟಿದ ಮೇಲೆ ಇದನ್ನು ತಿಳಿದುಕೊಂಡರು. ನೀವು ಮೊದಲೇ ಮೊಬೈಲಿನ ದಿಕ್ಸೂಚಿ ಹಿಡಿದು ನೋಡಿ. ಜುಲೈ ಮಳೆಯಲ್ಲಿ ಸಿಗ್ನಲ್ ಆಗಾಗ ಹೋಗುತ್ತದೆ, ಅದಕ್ಕೆ ಮದ್ದಿಲ್ಲ. ಒಂದು ಕಂಪನಿಯ ಬಾಕ್ಸ್ ಇನ್ನೊಂದಕ್ಕೆ ಆಗುವುದೂ ಇಲ್ಲ.

ಡಿಡಿ ಫ್ರೀ ಡಿಶ್ ಬೇರೆಯೇ. ಬಾಕ್ಸು, ತಟ್ಟೆಗೆ ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು, ತಿಂಗಳ ಬಾಡಿಗೆ ಇಲ್ಲ. ಕನ್ನಡಕ್ಕೆ ಚಂದನ ಇದೆ. ಉದಯ, ಜೀ ಕನ್ನಡದಂಥ ಪೇ ಚಾನೆಲ್ ಬರುವುದಿಲ್ಲ. ಹೊಸದಾಗಿ ತಗೊಳ್ಳುವವರು ಎಂಪೆಗ್-4 ಅನ್ನುವ ಹೊಸ ಬಗೆಯ ಬಾಕ್ಸನ್ನೇ ಕೇಳಿ, ಹಳೆಯ ಬಾಕ್ಸಿನಲ್ಲಿ ಕೆಲವು ಚಾನೆಲ್ ಕಾಣುವುದಿಲ್ಲ. ಚಂದನ ಮಾತ್ರ ಸಾಕು ಅನ್ನುವವರಿಗೆ ಡಿಶ್ಶೂ ಬೇಡ. ‘ಥಟ್ ಅಂತ ಹೇಳಿ’ ಕಂತುಗಳನ್ನು ದೂರದರ್ಶನದವರೇ ಯೂಟ್ಯೂಬಿಗೆ ಹಾಕುತ್ತಾರೆ. ಪ್ರಸಾರ ಭಾರತಿಯ ವೇವ್ಸ್ ಆ್ಯಪ್ ಕೂಡ ಇದೆ. ಅದು 2024ರ ನವೆಂಬರಿನಲ್ಲಿ ಗೋವಾದ ಚಿತ್ರೋತ್ಸವದಲ್ಲಿ ಶುರುವಾಯಿತು.

ಓಟಿಟಿ: ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಡಿ

ಓಟಿಟಿಯ ದೊಡ್ಡ ಗುಣ, ಅದಕ್ಕೆ ರಾಜ್ಯದ ಗಡಿ ಇಲ್ಲ. ಧಾರವಾಡಕ್ಕೂ ಠಾಣೆಗೂ ಒಂದೇ ಪಟ್ಟಿ. ಧಾರಾವಾಹಿಗೆ ದಾರಿ ಸುಲಭ: ಜೀ ಕನ್ನಡದ್ದು ಜೀ5ರಲ್ಲಿ, ಉದಯದ್ದು ಸನ್ ನೆಕ್ಸ್ಟ್‌ನಲ್ಲಿ, ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಎರಡೂ ಜಿಯೋಹಾಟ್‌ಸ್ಟಾರ್‌ನಲ್ಲಿ. ಮೊದಲು ಈ ಎರಡು ಬೇರೆ ಬೇರೆ ಆ್ಯಪ್‌ನಲ್ಲಿದ್ದವು, 2025ರ ಫೆಬ್ರವರಿ 14ಕ್ಕೆ ಒಂದಾದವು. ಮಗನ ಕ್ರಿಕೆಟ್ಟಿನದ್ದೂ ಬಹುಪಾಲು ಅದರಲ್ಲೇ ಮುಗಿಯುತ್ತದೆ. ಹೊಸ ಸಿನಿಮಾಗಳು ಪ್ರೈಮ್, ಜೀ5, ಸನ್ ನೆಕ್ಸ್ಟ್ ಅಂತ ಚದುರಿವೆ. ನೆಟ್‌ಫ್ಲಿಕ್ಸ್‌ನಲ್ಲಿ ಕನ್ನಡ ಕಡಿಮೆ. ಕನ್ನಡಕ್ಕೋಸ್ಕರ ಮಾತ್ರ ಅಂತಾದರೆ ನಾನು ಅದಕ್ಕೆ ದುಡ್ಡು ಹಾಕುವುದಿಲ್ಲ.

ಬೆಲೆ ನೋಡುವಾಗ ಅಗ್ಗದ ಪ್ಲ್ಯಾನಿನಲ್ಲಿ ಏನು ಕಿತ್ತಿದ್ದಾರೆ ಅಂತ ನೋಡಿ. ನೆಟ್‌ಫ್ಲಿಕ್ಸ್ 2021ರ ಡಿಸೆಂಬರಿನಲ್ಲಿ ದರ ಇಳಿಸಿದಾಗ ಮೊಬೈಲ್ ಪ್ಲ್ಯಾನ್ ₹149 ಆಯಿತು, ಆದರೆ ಅದು ಟಿವಿಯಲ್ಲಿ ಬರುವುದಿಲ್ಲ. 2023ರ ಜುಲೈಯಿಂದ ಬೇರೆ ಮನೆಯವರ ಜೊತೆ ಪಾಸ್‌ವರ್ಡ್ ಹಂಚಿಕೊಳ್ಳುವುದಕ್ಕೂ ತಡೆ ಬಿತ್ತು. ಪುಣೆಯ ನಾದಿನಿ, ನಾವು ಒಂದೇ ಖಾತೆಯಲ್ಲಿ ನೋಡುತ್ತಿದ್ದದ್ದು ಅಲ್ಲಿಗೆ ನಿಂತಿತು. ಪ್ರೈಮ್‌ನಲ್ಲಿ 2025ರ ಜನವರಿಯಿಂದ ಒಂದು ಖಾತೆಗೆ ಐದೇ ಸಾಧನ, ಅದರಲ್ಲಿ ಟಿವಿ ಎರಡೇ. ಜೂನ್ 17ರಿಂದ ನಡುವೆ ಜಾಹೀರಾತು. ಅದು ಬೇಡ ಅಂದರೆ ವರ್ಷಕ್ಕೆ ₹699 ಮೇಲಿಂದ ಕೊಡಬೇಕು ಅಂತ ಆಗ ಹೇಳಿದರು. ಮೊದಲೇ ₹1,499 ಕಟ್ಟಿದವರಿಗೆ ಇದು ಕಹಿಯೇ. ಈ ದರಗಳು ಆಗಾಗ ಬದಲಾಗುತ್ತವೆ, ಕಟ್ಟುವ ದಿನ ಒಮ್ಮೆ ನೋಡಿಕೊಳ್ಳಿ. ವೈಫೈ ಅಥವಾ ಮೊಬೈಲ್ ರಿಚಾರ್ಜಿನ ಜೊತೆ ಉಚಿತ ಅಂತ ಕೊಡುವ ಓಟಿಟಿಯನ್ನೂ ಹೀಗೇ ಪರೀಕ್ಷಿಸಿ. ಎಷ್ಟೋ ಸಲ ಅದು ಮೊಬೈಲಿಗೆ ಮಾತ್ರ ಇರುತ್ತದೆ.

ಇನ್ನು ಭಾಷೆ. ಪೋಸ್ಟರಿನಲ್ಲಿ ಕನ್ನಡ ನಟ ಇದ್ದ ಮಾತ್ರಕ್ಕೆ ಒಳಗೆ ಕನ್ನಡ ಇದೆ ಅಂತಲ್ಲ. ದುಡ್ಡು ಕಟ್ಟುವ ಮುಂಚೆ ಸಿನಿಮಾದ ಪುಟ ತೆರೆದು ಆಡಿಯೋ ಭಾಷೆಗಳ ಸಾಲಿನಲ್ಲಿ ಕನ್ನಡ ಇದೆಯಾ ನೋಡಿ. ಖಾತೆಯ ಭಾಷೆ ಹಿಂದಿ ಇದ್ದರೆ ಸಿನಿಮಾ ಹಿಂದಿಯಲ್ಲೇ ಶುರುವಾಗಬಹುದು, ಅದನ್ನು ಒಮ್ಮೆ ಬದಲಾಯಿಸಿಡಿ. ನಮ್ಮ ಮಕ್ಕಳು ಶಾಲೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಕೇಳಿ ಬರುತ್ತಾರೆ. ಮನೆಯ ಟಿವಿಯೂ ಹಿಂದಿಯಲ್ಲೇ ಮಾತಾಡಿದರೆ ಕನ್ನಡ ಕಿವಿಗೆ ಬೀಳುವುದು ಎಲ್ಲಿಂದ ಅಲ್ವಾ?

ನನ್ನ ಸಲಹೆ: ಒಂದು ಸಲಕ್ಕೆ ಒಂದೇ ಓಟಿಟಿ, ಒಂದೇ ತಿಂಗಳು. ನೋಡಬೇಕಾದ ಸಿನಿಮಾಗಳ ಹೆಸರು ಬರೆದಿಡಿ. ಒಂದೇ ಆ್ಯಪ್‌ನಲ್ಲಿ ಮೂರು ಸೇರಿದಾಗ ಆ ತಿಂಗಳು ಅದನ್ನು ತಗೊಳ್ಳಿ. ಮುಂದಿನ ತಿಂಗಳು ಇನ್ನೊಂದು.

ಬಾಡಿಗೆಗೆ

ಬಾಡಿಗೆ ಅಂದರೆ ಒಂದು ಸಿನಿಮಾಕ್ಕೆ ಮಾತ್ರ ದುಡ್ಡು ಕೊಟ್ಟು ಆನ್‌ಲೈನಿನಲ್ಲಿ ನೋಡುವುದು. ವರ್ಷಕ್ಕೆ ಮೂರು ನಾಲ್ಕು ಸಿನಿಮಾ ನೋಡುವವರಿಗೆ ಇದೇ ಅಗ್ಗ. ಪ್ರೈಮ್ 2022ರ ಏಪ್ರಿಲಿನಲ್ಲಿ ಬಾಡಿಗೆ ಅಂಗಡಿ ತೆರೆಯಿತು, ಅದಕ್ಕೆ ಸದಸ್ಯರಾಗಬೇಕು ಅಂತಿಲ್ಲ. 30 ದಿನದೊಳಗೆ ಶುರು ಮಾಡಬೇಕು, ಶುರು ಮಾಡಿದ ಮೇಲೆ 48 ಗಂಟೆಯಲ್ಲಿ ಮುಗಿಸಬೇಕು. ಅವಸರ ಮಾತ್ರ ಬೇಡ. ‘ಕೆಜಿಎಫ್ 2’ ಆ ವರ್ಷ ಮೇ 16ಕ್ಕೆ ₹199 ಬಾಡಿಗೆಗೆ ಬಂತು, ಸದಸ್ಯರೂ ಕೊಡಬೇಕಿತ್ತು. ಜೂನ್ 3ಕ್ಕೆ ಸದಸ್ಯರಿಗೆ ಬಾಡಿಗೆ ಇಲ್ಲದೆ ಸಿಕ್ಕಿತು. ಹದಿನೆಂಟೇ ದಿನ.

ಹಳೆಯ ಸಿನಿಮಾ

ನಮ್ಮವರ ಹತ್ತಿರ ಮೋಸರ್ ಬೇಯರ್ ಕಂಪನಿಯ ವಿಸಿಡಿಗಳ ಒಂದು ಪೆಟ್ಟಿಗೆ ಇದೆ. ಒಂದು ಕಾಲದಲ್ಲಿ ಆ ಕಂಪನಿ ₹28ಕ್ಕೆ ಒಂದು ಸಿನಿಮಾ ಮಾರುತ್ತಿತ್ತು. ಈಗ ಕಂಪನಿ ಇಲ್ಲ, ನಮ್ಮ ಪ್ಲೇಯರ್ ಕೂಡ ಸತ್ತಿದೆ. ಆದರೂ ಆ ಪೆಟ್ಟಿಗೆ ಎಸೆಯಲು ನಾನು ಬಿಟ್ಟಿಲ್ಲ. ಅದರಲ್ಲಿರುವ ಎರಡು ಮೂರು ಸಿನಿಮಾ ನನಗೆ ಬೇರೆಲ್ಲೂ ಕಂಡಿಲ್ಲ.

ಹಳೆಯದಕ್ಕೆ ಓಟಿಟಿಗಿಂತ ಯೂಟ್ಯೂಬೇ ಒಳ್ಳೆಯದು. ಹಕ್ಕು ಇರುವ ವಿಡಿಯೋ ಕಂಪನಿಗಳೇ ನೂರಾರು ಕನ್ನಡ ಸಿನಿಮಾ ಹಾಕಿವೆ, ಜಾಹೀರಾತು ಸಹಿಸಿದರೆ ಸಾಕು. ಭಾರತದ ಕಾನೂನಿನಲ್ಲಿ ಸಿನಿಮಾದ ಕಾಪಿರೈಟ್, ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ರಾಜ್‌ಕುಮಾರ್ ನಾಯಕರಾದ ಮೊದಲ ಸಿನಿಮಾ ‘ಬೇಡರ ಕಣ್ಣಪ್ಪ’ 1954ರದ್ದು, ಅದರ ಅವಧಿ 2014ರ ಕೊನೆಗೆ ಮುಗಿಯಿತು. ಅವಧಿ ಮುಗಿದದ್ದನ್ನು ಯಾರು ಬೇಕಾದರೂ ತೋರಿಸಬಹುದು. ಆದರೆ ಪ್ರಿಂಟ್ ಉಳಿದಿದ್ದರೆ ತಾನೇ? ಕನ್ನಡದ ಮೊದಲ ಮಾತಿನ ಸಿನಿಮಾ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು, ಅದನ್ನು ತೆಗೆದದ್ದು ನಮ್ಮ ಇದೇ ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ. ಅದರ ಒಂದು ಪ್ರಿಂಟೂ ಇವತ್ತು ಇಲ್ಲ.

ಯೂಟ್ಯೂಬಿನಲ್ಲಿ ಕದ್ದು ಹಾಕಿದ್ದನ್ನು ಗುರುತಿಸುವುದು ಸುಲಭ. ಚಿತ್ರದ ಸುತ್ತ ಬಣ್ಣದ ಚೌಕಟ್ಟು ಇರುತ್ತದೆ, ದನಿ ಸ್ವಲ್ಪ ಕೀರಲು. ಒಮ್ಮೆ ನಮ್ಮವರು ಹಾಕಿದ ಸಿನಿಮಾದಲ್ಲಿ ಬಸ್ಸಿನ ಬೋರ್ಡು ಬಂತು, ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಾಮುರುಗಾ. ನಾಯಕನ ವಾಚು ಬಲಗೈಯಲ್ಲಿತ್ತು. ಯೂಟ್ಯೂಬಿನ ಯಂತ್ರ ಕದ್ದ ಸಿನಿಮಾ ಹಿಡಿಯಬಾರದು ಅಂತ ಇಡೀ ಚಿತ್ರವನ್ನೇ ಮಗುಚಿ ಹಾಕಿದ್ದರು.

ಕದ್ದ ಕಾಪಿ ಯಾಕೆ ಬೇಡ

ಶುಕ್ರವಾರ ಸಿನಿಮಾ ಬಂದರೆ ಶನಿವಾರ ಬಿಲ್ಡಿಂಗಿನ ಗುಂಪಿಗೆ ಟೆಲಿಗ್ರಾಂ ಲಿಂಕ್ ಬಂದಿರುತ್ತದೆ. ವರ್ಷಕ್ಕೊಮ್ಮೆ ದುಡ್ಡು ಕೊಡಿ, ಎಲ್ಲಾ ಚಾನೆಲ್, ಎಲ್ಲಾ ಓಟಿಟಿ ಬರುತ್ತದೆ ಅಂತ ಬಾಕ್ಸ್ ಮಾರುವವನೂ ಒಬ್ಬ ಬಂದಿದ್ದ. ಕೆಳಗಿನ ಮನೆಯವರು ತಗೊಂಡರು. ಎರಡೇ ತಿಂಗಳಿಗೆ ಬಾಕ್ಸ್ ನಿಂತಿತು, ಅವನ ಫೋನೂ ನಿಂತಿತು. ಲಿಂಕಿನ ಜೊತೆ ಬರುವ ಆ್ಯಪ್ ಫೈಲ್ ಇನ್ನೂ ಅಪಾಯ. ಬ್ಯಾಂಕಿನ ಓಟಿಪಿ ಬರುವುದೂ ಅದೇ ಮೊಬೈಲಿಗೆ.

ಕಾನೂನೂ ಬಿಗಿಯಾಗಿದೆ. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿ ತಂದರು. ಥಿಯೇಟರಿನಲ್ಲಿ ಕದ್ದು ರೆಕಾರ್ಡ್ ಮಾಡಿದರೆ ಮೂರು ತಿಂಗಳಿಂದ ಮೂರು ವರ್ಷ ಜೈಲು, ದಂಡ ಕನಿಷ್ಠ ₹3 ಲಕ್ಷ. 1957ರ ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಗೊತ್ತಿದ್ದೂ ಹಕ್ಕು ಉಲ್ಲಂಘಿಸಿದರೆ ಆರು ತಿಂಗಳಿಂದ ಮೂರು ವರ್ಷ. ಗುಂಪಿಗೆ ಫೈಲ್ ಕಳಿಸುವವರು ಇದನ್ನು ತಿಳಿದಿರಬೇಕು.

ಆದರೆ ನಾನು ಬೇಡ ಅನ್ನುವುದು ಜೈಲಿನ ಹೆದರಿಕೆಗಲ್ಲ. ಓಟಿಟಿಯವರು ಕನ್ನಡ ಸಿನಿಮಾ ಕೊಳ್ಳಲು ಹಿಂದೇಟು ಹಾಕುತ್ತಾರೆ ಅಂತ ನಿರ್ಮಾಪಕರು ಹೇಳುತ್ತಲೇ ಇದ್ದಾರೆ. ರಕ್ಷಿತ್ ಶೆಟ್ಟಿಯವರ ತಂಡ ‘ಏಕಂ’ ವೆಬ್ ಸರಣಿಯನ್ನು ಯಾವ ಓಟಿಟಿಯೂ ತಗೊಳ್ಳದೆ, 2024ರಲ್ಲಿ ಸ್ವಂತ ವೆಬ್‌ಸೈಟಿನಲ್ಲೇ ಬಿಡುಗಡೆ ಮಾಡಿತು. ಕರ್ನಾಟಕ ಸರ್ಕಾರ 2025ರ ಬಜೆಟ್ಟಿನಲ್ಲಿ ಕನ್ನಡಕ್ಕೇ ಒಂದು ಓಟಿಟಿ ಮಾಡುತ್ತೇವೆ ಅಂತ ಹೇಳಬೇಕಾಯಿತು. ಮಲ್ಟಿಪ್ಲೆಕ್ಸ್‌ನವರು ಮುಂಬೈಯಲ್ಲಿ ಕನ್ನಡಕ್ಕೆ ಒಂದು ಶೋ ಕೊಟ್ಟರೆ ಅದೇ ದೊಡ್ಡದು. ನಾವು ದುಡ್ಡು ಕೊಟ್ಟು ನೋಡಿದ ಒಂದೊಂದು ಸಿನಿಮಾವೂ ಇಲ್ಲಿ ಕನ್ನಡ ನೋಡುವವರಿದ್ದಾರೆ ಅಂತ ಅವರ ಲೆಕ್ಕದಲ್ಲಿ ಬೀಳುತ್ತದೆ. ಟೆಲಿಗ್ರಾಂನಲ್ಲಿ ನೋಡಿದ್ದು ಯಾರ ಲೆಕ್ಕಕ್ಕೂ ಸೇರುವುದಿಲ್ಲ.

ಈಗ ನಮ್ಮ ಮನೆಯಲ್ಲಿ

ಅತ್ತೆಗೆ ಕೇಬಲ್, ನಾಲ್ಕು ಕನ್ನಡ ಚಾನೆಲ್ ಬಿಡಿಯಾಗಿ. ಕ್ರಿಕೆಟ್ ಇರುವ ತಿಂಗಳು ಮಾತ್ರ ಮಗನ ಆ್ಯಪ್. ಅದೇ ತಿಂಗಳಲ್ಲಿ ಅತ್ತೆ ಮದುವೆ ಮುಂಜಿ ಅಂತ ಹೋಗಿ ತಪ್ಪಿಸಿಕೊಂಡ ಕಲರ್ಸ್ ಕಂತುಗಳನ್ನು ಒಟ್ಟಿಗೆ ನೋಡುತ್ತಾರೆ. ನನ್ನ ಸಿನಿಮಾಕ್ಕೆ ಬಾಡಿಗೆ, ಅಥವಾ ಮೂರು ಸೇರಿದಾಗ ಒಂದು ತಿಂಗಳ ಓಟಿಟಿ. ನಮ್ಮವರಿಗೆ ಯೂಟ್ಯೂಬ್. ಒಬ್ಬರೇ ಇರುವ ಹುಡುಗರಾದರೆ ಕೇಬಲ್ ಬಿಡಿ, ಬಾಡಿಗೆ ಸಾಕು. ವೈಫೈ ಇಲ್ಲದ ಹಿರಿಯರ ಮನೆಯಾದರೆ ಓಟಿಟಿ ಹೆಸರನ್ನೇ ಎತ್ತಬೇಡಿ, ಕೇಬಲ್ ಸರಿಮಾಡಿಸಿಕೊಡಿ.

ಓಟಿಟಿ ತಗೊಂಡ ದಿನವೇ ಆಟೋಪೇ ರದ್ದು ಮಾಡಿಬಿಡಿ. ರದ್ದು ಮಾಡಿದರೂ ಕಟ್ಟಿದ ತಿಂಗಳು ಸಾಮಾನ್ಯವಾಗಿ ಪೂರ್ತಿ ನಡೆಯುತ್ತದೆ. ಒಮ್ಮೆ ನಾನು ಮರೆತು, ಯಾರೂ ತೆರೆಯದ ಆ್ಯಪ್‌ಗೆ ಐದು ತಿಂಗಳು ದುಡ್ಡು ಹೋಯಿತು. ಈಗ ಅಡುಗೆಮನೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಡುತ್ತೇನೆ: ಯಾವ ಆ್ಯಪ್, ಯಾವತ್ತು ಶುರು, ಯಾವತ್ತು ಮುಗಿಯುತ್ತದೆ. ಅದರ ಕೆಳಗೆ ಅತ್ತೆ ತಮ್ಮ ನಾಲ್ಕು ಚಾನೆಲ್ ನಂಬರನ್ನು ದೊಡ್ಡದಾಗಿ ಬರೆದುಕೊಂಡಿದ್ದಾರೆ.